ನಂಬರು ಬದಲಿಸಿದ ಭಾನುವಾರ

ರಾಮನಗರ ದಾಟಿ ಚನ್ನಪಟ್ಟಣದ ಕಡೆಗೆ ಹೋಗುವಾಗ, ಮೈಸೂರು ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಖಾಸಗಿ ಹಾಲಿನ ಕಂಪನಿಯ ಕೇಂದ್ರವಿದೆ. ಹಳ್ಳಿಗಳಿಂದ ಬಂದ ಹಾಲನ್ನು ತಂಪು ಮಾಡಿ, ಟ್ಯಾಂಕರಿಗೆ ತುಂಬಿ ಬೆಂಗಳೂರಿಗೆ ಕಳಿಸುವ ಜಾಗ. ಅಲ್ಲಿನ ಕಂಪ್ಯೂಟರ್ ವಿಭಾಗವೆಂದರೆ ನಾನೊಬ್ಬಳೇ. ಟ್ಯಾಂಕರ್ ಹಿಂದಕ್ಕೆ ಬರುವಾಗ ನನ್ನ ಕಿಟಕಿಯ ಗಾಜು ಗಡಗಡ ಅದುರುತ್ತದೆ. ಮಾಗಡಿ ನನ್ನ ತವರು. ಬಿಸಿಎ ಮುಗಿಸಿ ಕೈಲಾಂಚದ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದ ಮೇಲೆ ಈ ಕೆಲಸ ಸಿಕ್ಕಿತು. ಮನೆಯವರು ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ಮನೆಯಲ್ಲಿ ಎರಡು ಸೀಮೆ ಹಸುಗಳಿವೆ, ಅವು ಅತ್ತೆಯವು.

ನಾನು ಕೆಲಸಕ್ಕೆ ಸೇರುವವರೆಗೂ ಅತ್ತೆ ಊರಿನ ಸೊಸೈಟಿ ಡೇರಿಗೆ ಹಾಲು ಹಾಕುತ್ತಿದ್ದರು. ನಮ್ಮ ಕಂಪನಿ ಊರಿನಲ್ಲಿ ಒಂದು ಕೇಂದ್ರ ತೆರೆದಾಗ ನಾನೇನೂ ಹೇಳಲಿಲ್ಲ. ಅವರೇ ಒಂದು ದಿನ ಕ್ಯಾನು ತಿರುಗಿಸಿಕೊಂಡು ಅಲ್ಲಿಗೆ ಹೋದರು. ಸೊಸೆ ಇರುವ ಡೇರಿ ಎಂಬ ಅಭಿಮಾನ. ಅಷ್ಟಕ್ಕೇ ನಿಲ್ಲಿಸದೆ ಬೀದಿಯ ನಾಲ್ಕಾರು ಮನೆಯವರನ್ನೂ ಕರೆದುಕೊಂಡು ಹೋದರು. ಪಕ್ಕದ ಮನೆಯ ಅತ್ತಿಗೆಯಂತೂ ಎಷ್ಟೋ ವರ್ಷದ ಸೊಸೈಟಿ ಸದಸ್ಯೆ. ಆಕೆಯೂ ಅತ್ತೆಯ ಮಾತಿಗೆ ಕಟ್ಟುಬಿದ್ದು ಬಂದಳು.

ಊರಿನ ಕೇಂದ್ರದಲ್ಲಿ ಒಂದು ಯಂತ್ರವಿರುತ್ತದೆ. ಸದಸ್ಯರ ನಂಬರು ಒತ್ತಿದರೆ ಹೆಸರು ಬರುತ್ತದೆ. ಹಾಲು ಸುರಿದರೆ ತೂಕ, ಫ್ಯಾಟು ಎಲ್ಲ ಅದೇ ಅಳೆದು ಒಂದು ಚೀಟಿ ಕೊಡುತ್ತದೆ. ಲೆಕ್ಕವೆಲ್ಲ ಆ ಕ್ಷಣವೇ ಬೆಂಗಳೂರಿನ ಸರ್ವರಿಗೆ ಹೋಗುತ್ತದೆ. ನಂಬರಿಲ್ಲದೆ ಯಂತ್ರ ಮಿಸುಕುವುದಿಲ್ಲ. ಹಿಂದೆ ಎಲ್ಲೋ ಕೈಬರಹದಲ್ಲಿ ಮೋಸವಾಯಿತೆಂದು, ಯಂತ್ರ ಒಪ್ಪದ ಹಾಲನ್ನು ತೆಗೆದುಕೊಳ್ಳಲೇಬಾರದೆಂದು ಕಂಪನಿ ಕಟ್ಟಪ್ಪಣೆ ಮಾಡಿತ್ತು.

ಕಳೆದ ವರ್ಷ ನಮ್ಮ ಕಂಪನಿ ಕನಕಪುರದ ಕಡೆಯ ಒಂದು ಸಣ್ಣ ಡೇರಿಯನ್ನು ಕೊಂಡುಕೊಂಡಿತು. ಅವರ ಸದಸ್ಯರ ನಂಬರೂ ಒಂದರಿಂದ ಶುರು, ನಮ್ಮದೂ ಒಂದರಿಂದ ಶುರು. ಎರಡನ್ನೂ ಒಂದೇ ಕಡೆ ಸೇರಿಸಬೇಕಾದರೆ ಎಲ್ಲರ ನಂಬರೂ ಬದಲಾಗಬೇಕು. ಹಳೆಯ ನಂಬರು ಯಾವುದು, ಹೊಸದು ಯಾವುದು ಎಂದು ಮುಖ್ಯ ಕಚೇರಿಯವರು ಮೊದಲೇ ಗೊತ್ತುಮಾಡಿದ್ದರು. ಹೊಸ ಕಾರ್ಡುಗಳನ್ನೂ ಹಂಚಿಯಾಗಿತ್ತು. ಅತ್ತೆ ತಮ್ಮ ಹೊಸ ನಂಬರನ್ನು ಹಸು ಕರೆಯುತ್ತಾ ಬಾಯಿಪಾಠ ಮಾಡುತ್ತಿದ್ದರು. ಒಂದು ಭಾನುವಾರ ಬೆಳಗಿನ ಹಾಲು ಹಳೆಯ ನಂಬರಿಗೆ, ಸಂಜೆಯ ಹಾಲು ಹೊಸ ನಂಬರಿಗೆ ಎಂದು ನಿಗದಿಯಾಯಿತು. ನಡುವಿನ ಹೊತ್ತಿನಲ್ಲಿ ಬದಲಾವಣೆ ಮುಗಿಯಬೇಕು.

ಆ ಭಾನುವಾರ ನಾನೂ ನಮ್ಮ ಮ್ಯಾನೇಜರೂ ಕಚೇರಿಗೆ ಬಂದೆವು. ಮ್ಯಾನೇಜರಿಗೆ ಇನ್ನೇನು ನಿವೃತ್ತಿಯ ವಯಸ್ಸು. ಹಾಲಿನ ವಾಸನೆ ನೋಡಿ ಯಾವ ಕ್ಯಾನು ಕೆಟ್ಟಿದೆ ಎಂದು ಹೇಳುವ ಮನುಷ್ಯ. ಕಂಪ್ಯೂಟರಿನ ಹತ್ತಿರ ಬಂದರೆ ಮಾತ್ರ ಕೈಕಟ್ಟಿ ನಿಲ್ಲುತ್ತಿದ್ದರು. ಬದಲಾವಣೆಯ ಕೆಲಸವನ್ನು ಬೆಂಗಳೂರಿನ ಒಬ್ಬ ಎಂಜಿನಿಯರಿಗೆ ವಹಿಸಿದ್ದರು. ಅವನು ಫೋನಿನಲ್ಲಿರುತ್ತಾನೆ; ಅವನು ಕಳಿಸಿದ ಫೈಲನ್ನು ನಾನು ಇಲ್ಲಿಂದ ಓಡಿಸಿ, ಸರಿಯಾಯಿತೇ ಎಂದು ನಮ್ಮ ಕೇಂದ್ರಗಳ ಜೊತೆ ತಾಳೆ ನೋಡಬೇಕು. ಇಷ್ಟು ಏರ್ಪಾಡು.

ಫೈಲ್ ತೆರೆದೆ. ಅದರಲ್ಲಿ ಇದ್ದದ್ದು ಒಂದೇ ವಾಕ್ಯ.

ಸದಸ್ಯರ ಲೆಕ್ಕವೆಲ್ಲ ಇರುವ ಡೇಟಾಬೇಸಿಗೆ ನಾವು ಕೆಲಸ ಹೇಳುವುದು ಅದರದೇ ಒಂದು ಭಾಷೆಯಲ್ಲಿ. ಸಾಮಾನ್ಯವಾಗಿ ಎರಡು ಮೂರು ಸಾಲು. ಇದು ಹಾಗಿರಲಿಲ್ಲ. ಇಂಥ ಡೇರಿಯ ನಂಬರು ಇದಾಗಿದ್ದರೆ ಅದು ಮಾಡು, ಇದಾಗಿದ್ದರೆ ಅದು ಮಾಡು ಎಂದು ಸದಸ್ಯರಿಗೊಂದು ತುಂಡಿನಂತೆ ಪೋಣಿಸಿಕೊಂಡು ಹೋಗಿತ್ತು. ಪರದೆಯನ್ನು ಕೆಳಕ್ಕೆ ಎಳೆದಷ್ಟೂ ಅದೇ. ಎಳೆದು ಎಳೆದು ಕೊನೆಗೆ ಪರದೆಯೇ ನಿಂತುಹೋಯಿತು. ಇಷ್ಟುದ್ದದ ವಾಕ್ಯವನ್ನು ಯಾವ ಮನುಷ್ಯನೂ ಕೂತು ಬರೆಯುವುದಿಲ್ಲ. ಒಂದು ಪ್ರೋಗ್ರಾಮ್ ಅದನ್ನು ಹೆಣೆದು ಕೊಟ್ಟಿತ್ತು.

ಓಡಿಸಿದೆ. ವಾಕ್ಯ ಮಿತಿಗಿಂತ ದೊಡ್ಡದು, ತೆಗೆದುಕೊಳ್ಳಲಾರೆ ಎಂದು ಸರ್ವರ್ ಬಾಗಿಲಲ್ಲೇ ವಾಪಸು ಕಳಿಸಿತು. ಎಂಜಿನಿಯರ್ ಅಲ್ಲಿಂದ ಮಿತಿಯನ್ನು ಹೆಚ್ಚಿಸಿ, ಮತ್ತೆ ಓಡಿಸಿ ಅಂದ. ಈ ಸಲ ಒಳಕ್ಕೆ ಹೋಯಿತು. ಆಮೇಲೆ ಏನೂ ಇಲ್ಲ. ಆಯಿತು ಅಂತಲೂ ಇಲ್ಲ, ಆಗಲಿಲ್ಲ ಅಂತಲೂ ಇಲ್ಲ. ಕರ್ಸರ್ ಮಾತ್ರ ಮಿಣುಕುತ್ತಿತ್ತು.

ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ನಿಂತು, ಎಷ್ಟು ಜನರದು ಬದಲಾಯಿತು ಎಂದು ಕೇಳಿದರು. ಒಬ್ಬರದೂ ಇಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಇಷ್ಟು ಹೊತ್ತಿನಿಂದ ಮಾಡುತ್ತಿರುವುದಾದರೂ ಏನು ಎಂದರು.

ಓದುತ್ತಿದೆ ಸಾರ್ ಎಂದೆ. ನನಗೆ ಗೊತ್ತಿದ್ದಷ್ಟನ್ನು ಬಿಡಿಸಿ ಹೇಳಿದೆ. ಡೇಟಾಬೇಸಿನ ಮುಂಬಾಗಿಲಲ್ಲಿ ಪಾರ್ಸರ್ ಎಂಬ ಒಂದು ಭಾಗವಿರುತ್ತದೆ. ನಾವು ಬರೆದದ್ದನ್ನು ಅದು ಪದಪದವಾಗಿ ಬಿಡಿಸುತ್ತದೆ. ಯಾವ ಪದ ಯಾವುದಕ್ಕೆ ಸೇರಿದ್ದೆಂದು ಗೊತ್ತುಮಾಡಿ, ಕೊಂಬೆಗೆ ಕೊಂಬೆ ಕೂಡಿಸಿದ ಹಾಗೆ ನೆನಪಿನಲ್ಲಿ ಒಂದು ಮರ ಕಟ್ಟಿಕೊಳ್ಳುತ್ತದೆ. ಇಡೀ ವಾಕ್ಯ ಮುಗಿದು ಮರ ಪೂರ್ತಿಯಾಗುವವರೆಗೆ ಒಬ್ಬ ಸದಸ್ಯನ ನಂಬರನ್ನೂ ಅದು ಮುಟ್ಟುವುದಿಲ್ಲ. ಕೊನೆಯಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದರೂ ಅಷ್ಟನ್ನೂ ಬಿಸಾಡಿ, ಅರ್ಥವಾಗಲಿಲ್ಲ ಎನ್ನುತ್ತದೆ. ನಮ್ಮ ಮಾತಿನಲ್ಲಾದರೆ ಕ್ರಿಯಾಪದ ಕೊನೆಗೆ ಬರುತ್ತದೆ, ಅದಕ್ಕಾಗಿ ಕಾಯುವುದು ನಮಗೆ ಅಭ್ಯಾಸ. ಈ ಭಾಷೆಯಲ್ಲಿ ಮಾಡಬೇಕಾದ ಕೆಲಸವನ್ನು ಮೊದಲ ಪದದಲ್ಲೇ ಹೇಳಿಬಿಡುತ್ತಾರೆ. ಆದರೂ ಅದು ಕೊನೆಯವರೆಗೂ ಕಾಯುತ್ತದೆ.

ಮ್ಯಾನೇಜರ್ ಗಡಿಯಾರ ನೋಡಿದರು.

ಮಧ್ಯಾಹ್ನದ ಊಟದ ಹೊತ್ತಿಗೆ ಸರ್ವರ್ ಬಿದ್ದೇಹೋಯಿತು. ಆ ಮರ ಬೆಳೆದು ಬೆಳೆದು ಸರ್ವರಿನ ನೆನಪನ್ನೆಲ್ಲ ತಿಂದುಹಾಕಿತ್ತು. ಎಂಜಿನಿಯರ್ ಅದನ್ನು ಎಬ್ಬಿಸಿ, ಬೇರೆ ಏನೇನೋ ಮಿತಿಗಳನ್ನು ಸಡಿಲಿಸಿ, ಇನ್ನೊಂದು ಸಲ ನೋಡೋಣ ಎಂದ. ಇನ್ನೊಂದು ಸಲವೂ ಬಿತ್ತು. ಅವನೂ ಊಟ ಮಾಡಿರಲಿಲ್ಲ, ದನಿಯಲ್ಲೇ ಗೊತ್ತಾಗುತ್ತಿತ್ತು. ಹಿಂದಿನಿಂದ ಮಗುವೊಂದು ಅವನನ್ನು ಕರೆಯುತ್ತಿತ್ತು.

ಹಳೆಯ ನಂಬರು, ಹೊಸ ನಂಬರು ಎರಡನ್ನೂ ಬೇರೆಯದೇ ಒಂದು ಕೋಷ್ಟಕದಲ್ಲಿ ತುಂಬಿ, ಅದನ್ನು ನೋಡಿಕೊಂಡು ಬದಲಿಸು ಎಂದು ಸಣ್ಣ ವಾಕ್ಯ ಹೇಳಿದರೆ ಪಾರ್ಸರಿಗೆ ಏನೂ ಕಷ್ಟವಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೊಸ ಕೋಷ್ಟಕ ಮಾಡುವ ಅಧಿಕಾರ ಮಾತ್ರ ನಮ್ಮಿಬ್ಬರಿಗೂ ಇರಲಿಲ್ಲ. ಆ ಅಧಿಕಾರವಿದ್ದ ಮುಖ್ಯ ಕಚೇರಿಯ ಮೇಡಂ ಯಾವುದೋ ಮದುವೆಗೆ ಹೊರಟು ವಿಮಾನದಲ್ಲಿದ್ದರು. ಅವರ ಫೋನಿಗೆ ಅವನೂ ಮಾಡಿದ, ಮ್ಯಾನೇಜರೂ ಮಾಡಿದರು. ಸ್ವಿಚ್ ಆಫ್.

"ತುಂಡು ಮಾಡಿ ಓಡಿಸೋಣ ಮೇಡಂ," ಎಂದ ಎಂಜಿನಿಯರ್. "ಬೇರೆ ದಾರಿ ಇಲ್ಲ. ಸಂಜೆ ಹಾಲಿನ ಟೈಮ್ ಆಗ್ತಾ ಬಂತು."

ಆ ವಾಕ್ಯವನ್ನು ಕತ್ತರಿಸಿ, ಚಿಕ್ಕ ಚಿಕ್ಕ ವಾಕ್ಯಗಳನ್ನಾಗಿ ಮಾಡಿ ಒಂದೊಂದೇ ಕಳಿಸಿದ. ನಾನು ಒಂದೊಂದೇ ಓಡಿಸಿದೆ. ಮೊದಲನೆಯದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಯಿತು. ಎರಡನೆಯದೂ ಆಯಿತು. ಪಾರ್ಸರ್ ಅವನ್ನು ಗುಳುಂ ಎಂದು ನುಂಗುತ್ತಿತ್ತು. ಮ್ಯಾನೇಜರ್ ಚಹಾ ತರಿಸಿದರು. ಕೊನೆಯ ತುಂಡು ಮುಗಿದಾಗ ಅತ್ತ ಎಂಜಿನಿಯರ್ ಉಸಿರುಬಿಟ್ಟದ್ದು ನನಗೆ ಕೇಳಿಸಿತು. ಕೇಂದ್ರಗಳಿಗೆಲ್ಲ ಯಂತ್ರ ಶುರುಮಾಡಿ ಎಂದು ಸಂದೇಶ ಹೋಯಿತು.

ಮೊದಲ ಫೋನು ಬಂದದ್ದು ನಮ್ಮೂರಿನಿಂದಲೇ. ಅಲ್ಲಿನ ಕೇಂದ್ರ ನಡೆಸುವಾಕೆ ನನಗೆ ಚೆನ್ನಾಗಿ ಗೊತ್ತಿದ್ದವಳು, ವರಸೆಯಲ್ಲಿ ಅಕ್ಕನಾಗಬೇಕು.

"ಏನವ್ವಾ ಇದು," ಎಂದಳು. "ನಿಮ್ಮತ್ತೆ ನಂಬರ್ ಒತ್ತುದ್ರೆ ಯಾರೋ ಗಂಡಸ್ರ ಹೆಸ್ರು ಬತ್ತೈತೆ. ಮಾಗಡಿ ಕಡೆ ಊರಂತೆ. ಇನ್ನೊಬ್ರುದು ಒತ್ತುದ್ರೆ ಎರಡೆರಡು ಹೆಸ್ರು ಬತ್ತವೆ. ಯಾರ್ ಹೆಸ್ರಿಗೆ ಅಂತ ಹಾಲು ಉಯ್ಯನ?"

ನಾನು ನಮ್ಮ ಅತ್ತೆಯ ಲೆಕ್ಕವನ್ನು ತೆಗೆದು ನೋಡಿದೆ. ಅವರ ಹೆಸರಿನ ಮುಂದೆ ಅವರ ಹಳೆಯ ನಂಬರೂ ಇರಲಿಲ್ಲ, ಬಾಯಿಪಾಠ ಮಾಡಿದ ಹೊಸ ನಂಬರೂ ಇರಲಿಲ್ಲ. ಮೂರನೆಯದು ಯಾವುದೋ ಇತ್ತು. ನೋಡುತ್ತಾ ಕೂತಾಗ ನಿಧಾನವಾಗಿ ಹೊಳೆಯಿತು.

ಒಬ್ಬರ ಹೊಸ ನಂಬರು ಇನ್ನೊಬ್ಬರ ಹಳೆಯ ನಂಬರಾಗಿತ್ತು. ಹದಿನೇಳು ಇದ್ದವರು ಮೂವತ್ತಾಗಬೇಕು, ಮೂವತ್ತು ಇದ್ದವರು ಐವತ್ತಾಗಬೇಕು. ಎಲ್ಲವೂ ಒಂದೇ ವಾಕ್ಯವಾಗಿದ್ದರೆ ಡೇಟಾಬೇಸ್ ಪ್ರತಿಯೊಬ್ಬರನ್ನೂ ಒಂದೇ ಸಲ ನೋಡುತ್ತದೆ, ಅವರ ಹಳೆಯ ನಂಬರನ್ನೇ ನೋಡುತ್ತದೆ, ಬದಲಿಸಿ ಸುಮ್ಮನಾಗುತ್ತದೆ. ಕತ್ತರಿಸಿದಾಗ ಹಾಗಲ್ಲ. ಮೊದಲ ತುಂಡು ಹದಿನೇಳನ್ನು ಮೂವತ್ತು ಮಾಡಿತು. ಆಮೇಲಿನ ತುಂಡಿಗೆ ಅದು ಈಗಷ್ಟೇ ಮೂವತ್ತಾದದ್ದು ಎಂದು ಗೊತ್ತಾಗುವುದು ಹೇಗೆ? ಅದನ್ನೂ ಹಿಡಿದು ಐವತ್ತು ಮಾಡಿತು. ಒಂದೇ ನಂಬರು ಇಬ್ಬರಿಗೆ ಬರದಂತೆ ತಡೆಯುವ ಕಾವಲನ್ನು ಈ ಬದಲಾವಣೆಗಾಗಿಯೇ ಮುಖ್ಯ ಕಚೇರಿಯವರು ಆ ದಿನದ ಮಟ್ಟಿಗೆ ತೆಗೆದಿದ್ದರು. ಆ ವಾಕ್ಯ ಅಷ್ಟು ಉದ್ದವಿದ್ದದ್ದಕ್ಕೆ ಒಂದು ಕಾರಣವಿತ್ತು. ಅದನ್ನು ಹೆಣೆದ ಪ್ರೋಗ್ರಾಮಿಗೆ ಅದು ಗೊತ್ತಿತ್ತೋ ಇಲ್ಲವೋ, ನಮಗಂತೂ ಆ ಗಡಿಬಿಡಿಯಲ್ಲಿ ಗೊತ್ತಾಗಲಿಲ್ಲ.

ಎಂಜಿನಿಯರಿಗೆ ಹೇಳಿದೆ. ಅವನು ಒಂದೊಂದೇ ತುಂಡನ್ನು ತೆರೆದು ನೋಡಿದ. ಆಮೇಲೆ, ಯಾರದ್ದು ಎಷ್ಟು ಸಲ ಬದಲಾಗಿದೆಯೋ ಈಗ ಹೇಳಲಾಗುವುದಿಲ್ಲ, ಬ್ಯಾಕಪ್ಪಿನಿಂದ ಹಳೆಯದನ್ನೇ ವಾಪಸು ತರಬೇಕು, ಅದಕ್ಕೂ ಆ ಮೇಡಂ ಬೇಕು ಎಂದ. ನಮ್ಮ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಬಿಡದಿಯ ಕಡೆಯಿಂದ, ಕನಕಪುರದಿಂದ, ಮಾಗಡಿಯಿಂದ. ಎಲ್ಲ ಕಡೆಯೂ ಅದೇ ಕತೆ. ಹೆಸರು ಹೆಸರಿಗೆ ತಾಳೆ ಇಲ್ಲ.

ಮ್ಯಾನೇಜರ್ ಒಂದು ಕೆಲಸ ಮಾಡಲು ಹೊರಟರು. ಹಾಲನ್ನು ಸುಮ್ಮನೆ ಅಳೆದು, ಹೆಸರನ್ನು ಕಾಗದದಲ್ಲಿ ಬರೆದುಕೊಳ್ಳಲಿ, ನಾಳೆ ಸರಿಮಾಡೋಣ ಎಂದು ಬೆಂಗಳೂರಿನ ದೊಡ್ಡ ಸಾಹೇಬರನ್ನು ಕೇಳಿದರು. ಅತ್ತಲಿಂದ ಏನು ಬಂತೋ, ಇವರು ಹೂಂ ಸಾರ್, ಹೂಂ ಸಾರ್ ಎನ್ನುತ್ತಾ ಫೋನನ್ನು ಕೆಳಗಿಟ್ಟರು. ಆಗುವುದಿಲ್ಲವಂತೆ. ನಿಲ್ಲಿಸಬೇಕಂತೆ. ಅಷ್ಟು ಹೇಳಿ ಹೊರಗೆ ಹೋಗಿ ಟ್ಯಾಂಕರಿನ ಹತ್ತಿರ ನಿಂತರು. ಡ್ರೈವರಿಗೆ ಏನು ಹೇಳಬೇಕೆಂದು ತಿಳಿಯದೆ ಚಕ್ರವನ್ನು ಕಾಲಿನಿಂದ ಒತ್ತುತ್ತಿದ್ದರು.

ಕೇಂದ್ರಗಳಿಗೆ ಒಂದೊಂದಾಗಿ ಫೋನು ಮಾಡಿ, ಇವತ್ತು ಹಾಲು ಬೇಡ ಎಂದು ಹೇಳಿದವಳು ನಾನು. ನಮ್ಮೂರಿನದನ್ನು ಕೊನೆಗೆ ಇಟ್ಟುಕೊಂಡೆ. ಆಕೆ ಫೋನನ್ನು ಕಿವಿಯಿಂದ ತೆಗೆದು, ಅಲ್ಲಿದ್ದವರಿಗೆ ಜೋರಾಗಿ ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ಕ್ಯಾನುಗಳ ಮುಚ್ಚಳ ಹಾಕುವ ಸದ್ದು ಮಾತ್ರ.

ಸ್ಕೂಟರಿನಲ್ಲಿ ಊರು ಸೇರುವಾಗ ಇನ್ನೂ ಬೆಳಕಿತ್ತು. ಹಿಪ್ಪುನೇರಳೆ ತೋಟಗಳ ನಡುವಿನ ದಾರಿಯಲ್ಲಿ ಇಬ್ಬರು ಹೆಂಗಸರು ತುಂಬಿದ ಕ್ಯಾನು ಹಿಡಿದು ವಾಪಸು ನಡೆಯುತ್ತಿದ್ದರು. ನಾನು ಗಾಡಿ ನಿಧಾನ ಮಾಡಿದೆ. ಅವರು ನನ್ನನ್ನು ನೋಡಿ, ದಾರಿ ಬಿಟ್ಟು ಬದಿಗೆ ನಿಂತರು. ಒಂದು ಮಾತು ಬೈದಿದ್ದರೂ ಆಗುತ್ತಿತ್ತು.

ಬೀದಿಗೆ ಬಂದರೆ ಮನೆ ಮನೆಯಿಂದಲೂ ಕಾಯುವ ಹಾಲಿನ ವಾಸನೆ. ಯಾರ ಮನೆಯಲ್ಲೂ ಅಷ್ಟು ಹಾಲು ಕಾಯಿಸುವ ಪಾತ್ರೆ ಇರುವುದಿಲ್ಲ. ಅನ್ನ ಮಾಡುವ ತಪ್ಪಲೆ, ನೀರು ಕಾಯಿಸುವ ಹಂಡೆ, ಸಿಕ್ಕಿದ್ದರಲ್ಲೆಲ್ಲ ಹಾಲು. ಕರುಗಳಿಗೆ ಕುಡಿಯುವಷ್ಟೂ ಬಿಟ್ಟಿದ್ದರು. ನಮ್ಮ ಅಡುಗೆಮನೆಯಲ್ಲಿ ಅತ್ತೆ ಒಲೆಯ ಮುಂದೆ ಕೂತು ಸೌಟಿನಿಂದ ತಿರುವುತ್ತಿದ್ದರು. ನಾನು ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತೆ.

ಕೂತ್ಕ ಎಂದರು. ಏನಾಯಿತೆಂದು ಕೇಳಿದರು. ಮ್ಯಾನೇಜರಿಗೆ ಹೇಳಿದ ಹಾಗೆಯೇ ಇವರಿಗೂ ಹೇಳಲು ನೋಡಿದೆ. ಉದ್ದದ ಮಾತನ್ನು ಅದು ಪೂರ್ತಿ ಓದಿಕೊಂಡ ಮೇಲೆಯೇ ಕೆಲಸ ಶುರುಮಾಡುವುದು, ಓದಲಾರದೆ ಬಿದ್ದುಹೋಯಿತು, ತುಂಡು ಮಾಡಿ ಹೇಳಿದರೆ ಅರ್ಥವೇ ಬೇರೆಯಾಯಿತು. ಅವರು ಗಮನವಿಟ್ಟು ಕೇಳಿದರು. ಹಾಲು ಉಕ್ಕಿ ಬಂದಾಗ ಉರಿ ಸಣ್ಣ ಮಾಡಿದರು.

"ಅದು ಓದಾ ತಂಕ ನಾವೂ ಕಾಯ್ಬೋದು ಕಣವ್ವ," ಎಂದರು. "ಹಸ ಕಾಯಾಕಿಲ್ವಲ್ಲ. ಬೆಳಗಾಗೋ ಹೊತ್ಗೆ ಕೆಚ್ಚಲು ತಿರ್ಗ ತುಂಬ್ಕತದೆ. ಕರೀದೆ ಬುಟ್ರೆ ಬಾವು ಬತ್ತದೆ. ಕರದ್ರೆ ಎಲ್ಲಿಗುಯ್ಯನ ಹೇಳು."

ಆಗಲೇ ಪಕ್ಕದ ಮನೆಯ ಅತ್ತಿಗೆ ಬಂದಳು. ತನ್ನ ಕ್ಯಾನನ್ನು ತಂದು ನಮ್ಮ ಜಗುಲಿಯ ಮೇಲಿಟ್ಟಳು. ನಮ್ಮನೇಲಿ ಕಾಯ್ಸಾಕೆ ಪಾತ್ರೆ ಇಲ್ಲ, ನೀವೇ ಏನಾರ ಮಾಡ್ಕಳಿ ಎಂದು ಅತ್ತೆಗೆ ಹೇಳಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಅತ್ತೆ ಎದ್ದುಹೋಗಿ ಕ್ಯಾನನ್ನು ಒಳಗೆ ತಂದರು. ಅಷ್ಟನ್ನೂ ಹೆಪ್ಪು ಹಾಕಿದೆವು. ಅಷ್ಟು ಮೊಸರನ್ನು ಏನು ಮಾಡುವುದೆಂದು ಯಾರೂ ಕೇಳಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆಯೂ ಯಂತ್ರ ತೆರೆಯಲಿಲ್ಲ. ಮುಖ್ಯ ಕಚೇರಿಯ ಮೇಡಂ ಮದುವೆ ಮನೆಯಿಂದಲೇ ಬ್ಯಾಕಪ್ ಹಾಕಿಸುತ್ತಿದ್ದರು. ನಾನು ಕಚೇರಿಯಲ್ಲಿ ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಮೇಲಿನ ಪಟ್ಟಿ ತುಂಬುವುದನ್ನು ನೋಡುತ್ತಾ ಕೂತಿದ್ದೆ. ನಾನು ಮುಟ್ಟುವುದೇನೂ ಇರಲಿಲ್ಲ. ಎದ್ದುಹೋಗಲೂ ಆಗದು. ಮ್ಯಾನೇಜರ್ ಎದುರಿನ ಕುರ್ಚಿಯಲ್ಲಿ ಕೂತು, ತಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಹಾಲನ್ನು ಹೇಗೆ ಅಳೆಯುತ್ತಿದ್ದರೆಂದು ಹೇಳಲು ಶುರುಮಾಡಿ, ನಡುವೆಯೇ ನಿಲ್ಲಿಸಿ ಕಿಟಕಿಯ ಹೊರಗೆ ನೋಡಿದರು. ಎಂಜಿನಿಯರ್ ಒಮ್ಮೆ ಫೋನು ಮಾಡಿದ. ಕೆಲಸದ ಮಾತು ಏನೂ ಇರಲಿಲ್ಲ. "ಊರಲ್ಲಿ ತುಂಬಾ ಬೈದ್ರಾ ಮೇಡಂ?" ಎಂದು ಕೇಳಿದ. ಇಲ್ಲ ಎಂದೆ. ಅದೇ ಕಷ್ಟ ಅಲ್ವಾ ಎಂದು ಇಟ್ಟುಬಿಟ್ಟ.

ಸಂಜೆಯ ಹೊತ್ತಿಗೆ ಹಳೆಯ ನಂಬರುಗಳು ಹಿಂದಿನಂತೆ ಬಂದವು, ಏನೂ ಆಗಿಯೇ ಇಲ್ಲ ಎಂಬ ಹಾಗೆ. ಮೇಡಂ ಮದುವೆ ಮುಗಿಸಿ ಬಂದ ಮೇಲೆ ಬೇರೆ ಕೋಷ್ಟಕ ಮಾಡಿ, ನಂಬರುಗಳನ್ನು ಅದರಲ್ಲಿ ತುಂಬಿ, ಮೂರು ಸಾಲಿನ ಒಂದು ವಾಕ್ಯ ಬರೆದರು. ಅದನ್ನು ಓಡಿಸಿದ್ದು ನಾನೇ. ನೀರಿನ ಬಾಟಲಿಯ ಮುಚ್ಚಳ ತಿರುಗಿಸುವಷ್ಟರಲ್ಲಿ ಎಲ್ಲರ ನಂಬರೂ ಬದಲಾಗಿತ್ತು, ಎಲ್ಲವೂ ಸರಿಯಾಗಿತ್ತು. ಮ್ಯಾನೇಜರ್ ಇಷ್ಟೇನಾ ಎಂದರು. ಇಷ್ಟೇ ಸಾರ್ ಎಂದೆ. ಇಬ್ಬರಿಗೂ ಖುಷಿಯಾಗಲಿಲ್ಲ.

ಊರಿನಲ್ಲಿ ಪಕ್ಕದ ಮನೆಯ ಅತ್ತಿಗೆ ಮಾರನೆಯ ವಾರವೇ ಸೊಸೈಟಿಗೆ ಹೋದಳು. ಒಬ್ಬೊಬ್ಬರಾಗಿ ಉಳಿದವರೂ ಹೋದರು. ನಾನು ಬೆಳಿಗ್ಗೆ ಗಾಡಿ ತೆಗೆಯುವ ಹೊತ್ತಿಗೆ ಅವರೆಲ್ಲ ಮಾತಾಡಿಕೊಂಡು ಒಂದು ಕಡೆಗೆ ಹೋಗುತ್ತಿದ್ದರು. ಅತ್ತೆ ಒಬ್ಬರೇ ಇನ್ನೊಂದು ಕಡೆಗೆ. ನೀವೂ ಸೊಸೈಟಿಗೇ ಹಾಕಿ ಅತ್ತೆ, ನನಗೇನೂ ಬೇಜಾರಿಲ್ಲ ಎಂದು ಎಷ್ಟೋ ಸಲ ಹೇಳಿದೆ.

"ನಾನೂ ಬುಟ್ಟೋದ್ರೆ ನಿನ್ನ ಅಲ್ಲಿ ಏನಂತಾರೆ?" ಎಂದರು.

ಯಾರೂ ಏನೂ ಅನ್ನುವುದಿಲ್ಲ, ಅಲ್ಲಿ ಯಾರಿಗೂ ನೀವು ನನ್ನ ಅತ್ತೆ ಎಂದೇ ಗೊತ್ತಿಲ್ಲ ಎಂದೆ. ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು. ಅವರು ಕ್ಯಾನನ್ನು ಬೂದಿ ಹಾಕಿ ಉಜ್ಜುತ್ತಿದ್ದರು, ಉಜ್ಜುತ್ತಲೇ ಇದ್ದರು.

ಮೂರು ನಾಲ್ಕು ತಿಂಗಳು ಹಾಗೆ ನಡೆಯಿತು. ಒಬ್ಬರ ಹಾಲಿಗಾಗಿ ಕಂಪನಿ ಗಾಡಿ ಕಳಿಸುವುದುಂಟೇ? ಊರಿನ ಕೇಂದ್ರವನ್ನು ಮುಚ್ಚುವ ಆದೇಶ ಬಂತು. ಡೇಟಾಬೇಸಿನಲ್ಲಿ ಆ ಕೇಂದ್ರದ ಸದಸ್ಯರನ್ನು ನಿಷ್ಕ್ರಿಯ ಎಂದು ಗುರುತಿಸುವ ಕೆಲಸ ನನ್ನ ಮೇಜಿಗೇ ಬಂತು. ಚಿಕ್ಕ ವಾಕ್ಯ, ಒಂದೇ ಸಾಲು. ಬರೆದು ಮುಗಿಸಿದರೂ ಓಡಿಸಲು ಮನಸ್ಸಾಗದೆ, ಮ್ಯಾನೇಜರ್ ಬಂದು ಕೇಳುವವರೆಗೂ ಹಾಗೇ ಇಟ್ಟುಕೊಂಡಿದ್ದೆ.

ಈಗ ಅತ್ತೆಯೂ ಸೊಸೈಟಿಗೇ ಹಾಕುತ್ತಾರೆ. ಹೊಸದಾಗಿ ಅರ್ಜಿ ಕೊಟ್ಟು ಸೇರಬೇಕಾಯಿತು. ಮೊದಲು ಮುಂದೆ ನಿಲ್ಲುತ್ತಿದ್ದವರು ಈಗ ಸಾಲಿನ ಕೊನೆಯಲ್ಲಿ ನಿಲ್ಲುತ್ತಾರಂತೆ. ಪಕ್ಕದ ಮನೆಯ ಅತ್ತಿಗೆ ಒಂದು ದಿನ, ಬನ್ನಿ ನನ್ ಹಿಂದೆ ನಿಂತ್ಕಳಿ ಎಂದು ಕರೆದಳಂತೆ, ಇವರು ಹೋಗಲಿಲ್ಲವಂತೆ. ಇದನ್ನೆಲ್ಲ ನನಗೆ ಹೇಳಿದವರು ಮನೆಯವರು. ಅತ್ತೆ ನನ್ನೊಡನೆ ಡೇರಿಯ ಮಾತೆತ್ತುವುದಿಲ್ಲ. ಸಂಜೆ ನಾನು ಮನೆಗೆ ಬಂದಾಗ, ಊಟಕ್ಕೆ ಬಡಿಸುತ್ತಾ, ಇವತ್ತು ನಿನ್ ಕೆಲ್ಸ ಸುಸೂತ್ರ ಆಯ್ತಾ ಎಂದು ಮಾತ್ರ ಕೇಳುತ್ತಾರೆ. ಆಯಿತು ಅತ್ತೆ ಎನ್ನುತ್ತೇನೆ.